ಟವೆಲಿನ ಕೆಳಗಿನ ಬೆಲೆ

ನನ್ನ ಗಂಟಲಿನಿಂದ ಹತ್ತಾರು ಜನರ ದನಿ ಹೊರಡುತ್ತದೆಂದು ಆರ್.ಟಿ. ನಗರದ ಆರ್ಕೆಸ್ಟ್ರಾದವರಿಗೆಲ್ಲ ಗೊತ್ತು. ಈ ಗುರುವಾರ ನಡೆದದ್ದನ್ನು ಮಾತ್ರ ನನ್ನ ಸ್ವಂತ ದನಿಯಲ್ಲೇ ಹೇಳುತ್ತೇನೆ, ಉಪ್ಪುಖಾರ ಹಚ್ಚದೆ, ನಡೆದದ್ದು ನಡೆದ ಹಾಗೆ. ನಾನು ಸುಳ್ಳು ಹೇಳಿದ್ದು ಫೋನಿನಲ್ಲಿ ಒಂದೇ ಸಲ. ಎಲ್ಲಿ ಅಂತ ನಿಮಗೇ ಗೊತ್ತಾಗುತ್ತದೆ.

“ಡೀಸೆಲ್ಲು,” ಅಂದರು ರತ್ನಕ್ಕ. “ಇಲ್ಲಿ ಚೆಲ್ಲಿದೆ.”

ಯಲಹಂಕದ ಹತ್ತಿರ, ಕೋಗಿಲಿನ ಒಂದು ಗಾಡಿ ಶೆಡ್ಡಿನ ನೆಲದ ಮೇಲೆ ಅವರು ಮಂಡಿಯೂರಿ ಕೂತಿದ್ದರು. ಮೂಗಿಗೂ ಸಿಮೆಂಟಿಗೂ ಒಂದು ಗೇಣಿನ ಅಂತರ.

“ಅಕ್ಕ, ನೀವು ರಿಟೈರಾಗಿದ್ದು ಆರ್‌ಟಿಓ ಆಫೀಸಿಂದಾನಾ, ಡಾಗ್ ಸ್ಕ್ವಾಡಿಂದಾನಾ?”

“ಬಾಯ್ ಮುಚ್ಕೊಂಡು ಟಾರ್ಚ್ ಹಿಡಿ ಗೋಕುಲ್.”

ಮೂವತ್ತೆರಡು ವರ್ಷ ಕೌಂಟರಿನಲ್ಲಿ ಕೂತು ಗಾಡಿಗಳ ಜಾತಕ ನೋಡಿದವರು ರತ್ನಕ್ಕ. ಈಗ ಕಳೆದುಹೋದ ಗಾಡಿಗಳನ್ನು ಹುಡುಕಿಕೊಡುತ್ತಾರೆ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಡಾಡುವುದು ನನ್ನ ಕೆಲಸ. ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಆಯಿತಲ್ಲ.

ಸೋಮವಾರ ಬೆಳಗಾಗುವಷ್ಟರಲ್ಲಿ ಈ ಶೆಡ್ಡಿನಿಂದ ಮುನಿಶಾಮಪ್ಪನವರ ಎಂಟು ಸೀಟಿನ ಬಿಳಿ ಗಾಡಿ ಮಾಯವಾಗಿತ್ತು. ಹದಿನೇಳು ವರ್ಷ ಅದನ್ನು ಓಡಿಸಿದ ಪಿಳ್ಳಣ್ಣನ ಮೇಲೆ ಅನುಮಾನ ಬಿದ್ದಿತ್ತು. ಅವನ ಮಗಳು ಮಾಲಾ ಬುಧವಾರ ರತ್ನಕ್ಕನ ಬಾಗಿಲಲ್ಲಿ ನಿಂತು, “ನಮ್ಮಪ್ಪ ಇನ್ನೊಬ್ರ ಮನೆ ಕಡ್ಡಿಪೆಟ್ಟಿಗೆ ಕೂಡ ಮುಟ್ಟಿದೋರಲ್ಲ” ಎಂದು ಅತ್ತಿದ್ದಳು.

“ಮೇಡಂ, ಸಂಜೆ ಐದು ಗಂಟೆ,” ಅಂದ ಬಾಲರಾಜು, ಕೈಗಡಿಯಾರ ನೋಡಿಕೊಂಡು. ಮುನಿಶಾಮಪ್ಪನವರ ಒಬ್ಬನೇ ಮಗ. ಲೇಔಟು ಮಾಡುವವನು. ಮಾತನ್ನೂ ಸೈಟು ಅಳೆದ ಹಾಗೆ ಅಳೆದು ಆಡುತ್ತಾನೆ. “ಐದಕ್ಕೆ ಸ್ಟೇಷನ್‌ಗೆ ಹೋಗಿ ಪಿಳ್ಳಣ್ಣನ ಹೆಸರು ಕೊಡ್ತೀನಿ. ಮಾಲಾ ಅಳ್ತಾಳೆ ಅಂತ ಇಷ್ಟೊತ್ತು ತಡ್ಕೊಂಡಿರೋದೇ ಹೆಚ್ಚು.”

“ಗಾಡಿ ಕೀ ಎಲ್ಲಿರ್ತಿತ್ತು?”

“ಗಾಡಿ ಒಳಗೇ. ಮ್ಯಾಟ್ ಕೆಳಗೆ.”

“ಶೆಡ್ಡಿಗೆ ಬೀಗ?”

“ಯಾರ್ ಕದೀತಾರೆ ಮೇಡಂ ಅದನ್ನ?” ಬಾಲರಾಜು ಬೇಸರದಿಂದ ನಕ್ಕ. “ಎರಡು ವರ್ಷದಿಂದ ಮಾರೋಕೆ ಒದ್ದಾಡ್ತಿದ್ದೀನಿ. ಬಿಟ್ಟಿ ಕೊಟ್ರೂ ತಗೊಳ್ಳೋರಿಲ್ಲ. ಕದ್ದೋನು ಕೈಯಿಂದ ಡೀಸೆಲ್ ಹಾಕಿಸ್ಬೇಕು, ಅದೂ ಈಗಿನ ರೇಟಲ್ಲಿ!”

ರತ್ನಕ್ಕ ಎದ್ದು ಸೀರೆಯ ಧೂಳು ಕೊಡವಿಕೊಂಡರು. “ಹಾಕಿಸಿದ್ದಾನಲ್ಲ. ನೋಡಿ, ಕ್ಯಾನಿಂದ ಸುರಿದಿದ್ದಾನೆ. ಯಾಕೆ ಸುರಿದ? ಟ್ಯಾಂಕಲ್ಲಿ ಎಷ್ಟಿತ್ತು?”

“ಏನೂ ಇರ್ಲಿಲ್ಲ. ಖಾಲಿ ಇಡಿ ಅಂತ ನಾನೇ ಹೇಳಿದ್ದೆ. ಮಾರೋ ಗಾಡಿಗೆ ಯಾಕೆ ದಂಡ?”

“ಮುಳ್ಳು ಏನು ತೋರಿಸ್ತಿತ್ತು?”

ಉತ್ತರ ಬಂದದ್ದು ಅವನ ಹೆಂಡತಿ ರಮ್ಯಳಿಂದ. ಕಾಫಿ ಲೋಟ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಿದ್ದಳು.

“ಅರ್ಧ. ಅದು ಯಾವಾಗ್ಲೂ ಅರ್ಧ ಟ್ಯಾಂಕೇ ತೋರಿಸೋದು ಅಕ್ಕ. ಮುಳ್ಳು ಕೆಟ್ಟು ಹತ್ತು ವರ್ಷ ಆಯ್ತು.”

“ಅಂದ್ರೆ ಹೊರಗಿನ ಕಳ್ಳ ಬಂದಿದ್ರೆ ಅರ್ಧ ಟ್ಯಾಂಕ್ ಇದೆ ಅಂತ ನಂಬಿ ಸ್ಟಾರ್ಟ್ ಮಾಡ್ತಿದ್ದ. ಬಾಗಲೂರು ಕ್ರಾಸ್ ಕೂಡ ಮುಟ್ತಿರ್ಲಿಲ್ಲ,” ಅಂದರು ರತ್ನಕ್ಕ. “ಕ್ಯಾನಲ್ಲಿ ಡೀಸೆಲ್ ತಂದೋನಿಗೆ ಮುಳ್ಳು ಸುಳ್ಳು ಹೇಳತ್ತೆ ಅಂತ ಗೊತ್ತಿತ್ತು. ಮನೆಯೋನೇ.”

“ಅದನ್ನೇ ತಾನೆ ಮೂರು ದಿನದಿಂದ ಬಡ್ಕೊಳ್ತಿರೋದು!” ಬಾಲರಾಜು ಕೈ ಚೆಲ್ಲಿದ. “ಮುಳ್ಳಿನ ವಿಷಯ ಪಿಳ್ಳಣ್ಣನಿಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಸೋಮವಾರ ಬೆಳಿಗ್ಗೆ ಎಲ್ಲಿದ್ದೆ ಅಂದ್ರೆ ಬಾಯೇ ಬಿಡಲ್ಲ. ಭಾನುವಾರ ನನ್ನ ಕಾಲು ಹಿಡ್ಕೊಂಡು, ‘ದೊಡ್ಡಪ್ಪನ್ನ ಮಾರ್ಬೇಡಿ’ ಅಂತ ಗೋಗರೆದಿದ್ದ.”

ದೊಡ್ಡಪ್ಪ ಅಂದರೆ ಆ ಗಾಡಿಯೇ. ಕೋಗಿಲಿನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಹಾಗಾಗಿ ಮೂರು ದಿನದಿಂದ ಇಡೀ ಊರಿನವರು, “ದೊಡ್ಡಪ್ಪ ಓಡಿಹೋಗವ್ರಂತೆ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕೇಳಿಸಿಕೊಂಡ ಬಾಡಿಗೆಯವನೊಬ್ಬ, “ಪಾಪ, ವಯಸ್ಸೆಷ್ಟು?” ಎಂದನಂತೆ.

ರಮ್ಯ ಲೋಟ ಕೊಡುತ್ತ ಖಾಲಿ ಶೆಡ್ಡನ್ನು ನೋಡಿದಳು. ಗಾಡಿ ನಿಲ್ಲುತ್ತಿದ್ದ ಜಾಗದ ಸಿಮೆಂಟು ಸುತ್ತಲಿಗಿಂತ ಬೆಳ್ಳಗಿತ್ತು.

“ನನ್ನ ಮಗಳು ದಿವ್ಯ ಹುಟ್ಟಿದ್ದು ಅದರಲ್ಲೇ ಅಕ್ಕ,” ಅಂದಳು. “ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕು. ಒಂದಿಂಚು ಹೋಗ್ತಿಲ್ಲ. ಅತ್ತೆ ಮಧ್ಯದ ಸೀಟಲ್ಲೇ ಹೆರಿಗೆ ಮಾಡಿಸಿದ್ರು. ಪಿಳ್ಳಣ್ಣ ಕನ್ನಡಿ ಮೇಲಕ್ಕೆ ತಿರುಗಿಸ್ಬಿಟ್ಟು, ಮುಂದೆ ನೋಡ್ಕೊಂಡು ಹಾರನ್ ಹೊಡೀತಾನೇ ಇದ್ರು. ಮಗು ಅತ್ತಾಗ ಹಾರನ್ ನಿಲ್ಲಿಸಿ ಅವರೂ ಅತ್ತುಬಿಟ್ರು.”

ಬಾಲರಾಜು ಆ ಕಡೆ ಮುಖ ತಿರುಗಿಸಿದ. ಎದೆ ಕಲ್ಲಾದವನಲ್ಲ, ಸೈಟಿಗೆ ಕಲ್ಲು ನೆಡುವವನು ಅಷ್ಟೇ.

ಆಗ ನನ್ನ ಟಾರ್ಚಿನ ಬೆಳಕು ಗೋಡೆ ಮೂಲೆಯಲ್ಲಿ ಬಿದ್ದಿದ್ದ ಒಂದು ಮುದುಡಿದ ವಸ್ತುವಿನ ಮೇಲೆ ಬಿತ್ತು. ರತ್ನಕ್ಕ ಎತ್ತಿಕೊಂಡರು. ಬಾಳೆಲೆಯ ತುಂಡು. ಶಂಕುವಿನ ಹಾಗೆ ಸುತ್ತಿ, ತುದಿಗೆ ಕಡ್ಡಿ ಚುಚ್ಚಿತ್ತು. ಡೀಸೆಲ್ ಹೀರಿ ಕಪ್ಪಗಾಗಿತ್ತು.

“ಡೀಸೆಲ್ ಸುರಿಯೋಕೆ ಆಲಿಕೆ,” ಅಂದರು. “ಈಗಿನೋರಾದ್ರೆ ನೀರಿನ ಬಾಟ್ಲಿ ಕತ್ತರಿಸ್ತಾರೆ. ಇದು ಹಳೇ ಕೈ.”

“ಪಿಳ್ಳಣ್ಣನಿಗೂ ಅರವತ್ತೆರಡು,” ಅಂದ ಬಾಲರಾಜು.

“ಈ ಸುತ್ತ ಬಾಳೆಗಿಡ ಎಲ್ಲಿದೆ?”

“ಇಲ್ಲೆಲ್ಲಿ ಬರಬೇಕು? ಎಲ್ಲಾ ಸೈಟಾಗಿದೆ. ನಮ್ಮ ರಾಜಾನುಕುಂಟೆ ತೋಟದಲ್ಲಿದೆ. ಅಪ್ಪ ಅಲ್ಲೇ ಇದ್ದಾರೆ, ರಾಗಿ ಕೊಯ್ಲು ಅಂತ.”

“ಯಾವಾಗಿಂದ?”

“ಸೋಮವಾರದಿಂದ.”

“ಗಾಡಿ ಹೋಯ್ತು ಅಂದಾಗ ಏನಂದ್ರು?”

“‘ಓದ್ರೆ ಓಯ್ತು ಬಿಡು’ ಅಂದ್ರು.”

“ಅಷ್ಟೇನಾ?”

“ಅಷ್ಟೇ. ಪಿಳ್ಳಣ್ಣನ ವಿಷಯ ನಾನೇ ಹೇಳ್ಲಿಲ್ಲ. ಬಿಪಿ ಇದೆ.”

ರತ್ನಕ್ಕ ಬಾಳೆಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. “ಐದು ಗಂಟೆವರೆಗೆ ಮಾತು ಕೊಟ್ಟಿದ್ದೀರ. ಅದಕ್ಕಿಂತ ಒಂದು ನಿಮಿಷ ಮುಂಚೆ ಕೂಡ ಹೋಗ್ಬೇಡಿ.”

* * *

ಸಂಜಯನಗರದ ಫರ್ಹಾನ್‌ನ ಯಾರ್ಡಿಗೆ ಹೋದಾಗ ಹನ್ನೊಂದೂವರೆ. ಬಾಲರಾಜು ಗಾಡಿ ಮಾರಲು ಮಾತಾಡಿದ್ದು ಅವನ ಜೊತೆ.

ಗೇಟಿನ ಹತ್ತಿರ ಚಿಕ್ಕ ಕಾರುಗಳು ತೊಳೆದು ಒರೆಸಿಕೊಂಡು, ಹೆಣ್ಣು ನೋಡಲು ಬಂದ ಗಂಡುಗಳ ಹಾಗೆ ನಿಂತಿದ್ದವು. ದೊಡ್ಡ ಗಾಡಿಗಳ ಸಾಲು ಹಿಂದೆ, ಹೊಂಗೆ ಮರದ ಕೆಳಗೆ. ಮುಂದಿನ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಬೆಲೆ ಬರೆದಿತ್ತು. ಪ್ರತಿ ಗಾಜಿನ ಮೇಲೂ ಒಂದು ಅಂಕಿ ಒರೆಸಿ ಇನ್ನೊಂದು, ಅದನ್ನೂ ಒರೆಸಿ ಮತ್ತೊಂದು.

“ಬಂಕಲ್ಲಿ ಬೋರ್ಡ್ ಬದಲಾದಾಗೆಲ್ಲ ನಾನು ಸೀಮೆಸುಣ್ಣ ತಗೋಬೇಕು ಅಕ್ಕ,” ಅಂದ ಫರ್ಹಾನ್. ಮೂವತ್ತರ ಹುಡುಗ, ಮಾತಿಗೆ ಬ್ರೇಕಿಲ್ಲ. “ಅವರು ಮೇಲಕ್ಕೆ ಬರೀತಾರೆ, ನಾನು ಕೆಳಕ್ಕೆ ಬರೀತೀನಿ. ಚಿಕ್ಕ ಗಾಡಿ ಬೆಳಿಗ್ಗೆ ಬಂದ್ರೆ ಸಂಜೆಗೆ ಹೋಗತ್ತೆ. ಇವು ಬಂದ್ರೆ ಮನೆ ಅಳಿಯನ ಥರ, ಹೋಗೋ ಮಾತೇ ಇಲ್ಲ.”

“ಯಾರೂ ಕೇಳೋದೇ ಇಲ್ವಾ?”

“ಕೇಳ್ತಾರೆ. ಮುಂಚೆ ಬಂದೋರು ಏನ್ ಕೇಳ್ತಿದ್ರು? ‘ಎಷ್ಟು ಜನ ಕೂರ್ಬಹುದು?’ ಈಗ ಬಾಗಿಲು ತೆಗೆಯೋಕೂ ಮುಂಚೆ, ‘ಎಷ್ಟು ಕೊಡತ್ತೆ?’ ಒಂಬತ್ತು, ಹತ್ತು ಅಂತೀನಿ. ‘ಥ್ಯಾಂಕ್ಸ್ ಬ್ರದರ್’ ಅಂತ ಹೋಗ್ಬಿಡ್ತಾರೆ.”

“ಮೈಲೇಜು ಅಂದ್ರೇನೇ ಅಷ್ಟು ಗುರು,” ಅಂದೆ. “ಮೈ ದೊಡ್ಡದಾಗಿ, ಏಜೂ ಜಾಸ್ತಿಯಾದ್ರೆ ಯಾರೂ ಮುಟ್ಟಲ್ಲ. ರೀಸೇಲಲ್ಲಿ ಸೇಲ್ ಹೋಗಿ ಬರೀ ‘ರೀ, ರೀ’ ಉಳ್ಕೊಂಡಿದೆ.”

ಫರ್ಹಾನ್ ನಕ್ಕ. ರತ್ನಕ್ಕ ನಗಲಿಲ್ಲ. ಅವರು ನನ್ನ ಹಾಸ್ಯಕ್ಕೆ ಡಿಸೆಂಬರಿನಲ್ಲಿ ಒಂದು ಸಲ, ಒಟ್ಟಿಗೇ ನಗುತ್ತಾರೆ.

“ಮುನಿಶಾಮಪ್ಪನವರ ಗಾಡಿಗೆ ಏನು ಹೇಳಿದ್ದೆ?”

“ಎರಡು ವರ್ಷದ ಹಿಂದೆ ಐದು ಲಕ್ಷ ಅಂದಿದ್ದೆ. ಬಾಲರಾಜಣ್ಣ ಆರು ಬೇಕು ಅಂದ್ರು. ಆಮೇಲೆ ನಾಲ್ಕಾಯ್ತು, ಮೂರಾಯ್ತು. ಹೋದ ವಾರ ಎರಡೂಕಾಲು. ಅದೂ ಓಡಿಸೋಕಲ್ಲ ಅಕ್ಕ, ಕತ್ತರಿಸೋಕೆ.”

ಅವನು ತೋರಿಸಿದ ಕಡೆ ನೋಡಿದೆ. ಗೋಡೆ ಪಕ್ಕ ಅದೇ ಜಾತಿಯ ಇನ್ನೊಂದು ಗಾಡಿ ಇಟ್ಟಿಗೆಗಳ ಮೇಲೆ ಕೂತಿತ್ತು. ಚಕ್ರವಿಲ್ಲ, ಬಾಗಿಲಿಲ್ಲ, ಇಂಜಿನ್ನಿನ ಜಾಗದಲ್ಲಿ ಬೆಕ್ಕು ಮರಿ ಹಾಕಿತ್ತು. ಸೀಟುಗಳನ್ನು ಕಿತ್ತು ಹೊರಗೆ ಸಾಲಾಗಿ ಜೋಡಿಸಿದ್ದರು, ಯಾರೋ ಎಂಟು ಜನ ಎದ್ದುಹೋದ ಹಾಗೆ. ಒಂದು ಕಾಲಕ್ಕೆ ಇಂಥ ಗಾಡಿ ಬೀದಿಗೆ ಬಂದರೆ ನಾವೆಲ್ಲ ಹಿಂದೆ ಓಡುತ್ತಿದ್ದೆವು. ಮದುವೆ ದಿಬ್ಬಣಕ್ಕೆ ಅದರಲ್ಲಿ ಜಾಗ ಸಿಕ್ಕಿದವನು ವಾರಗಟ್ಟಲೆ ಕಾಲರ್ ಎತ್ತಿಕೊಂಡು ತಿರುಗುತ್ತಿದ್ದ. ಎಂಟು ಸೀಟಿನಲ್ಲಿ ಹದಿನೈದು ಜನ ಕೂತು, ಕಿಟಕಿಯಿಂದ ಹೊರಬಂದ ಕೈ ಯಾರದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆಗ ಡೀಸೆಲ್ಲಿನ ಬೆಲೆ ಯಾರಿಗೂ ಬಾಯಿಪಾಠವಿರಲಿಲ್ಲ.

“ಶನಿವಾರ ಒಬ್ರು ತಾತ ಬಂದಿದ್ರು,” ಅಂದ ಫರ್ಹಾನ್. “ಬಿಳಿ ಪಂಚೆ. ಆ ಬಿಚ್ಚಿದ ಗಾಡಿ ಹತ್ರ ಅರ್ಧ ಗಂಟೆ ನಿಂತ್ಕೊಂಡ್ರು. ‘ಕೋಗಿಲಿಂದ ಒಂದು ಬರ್ತದಂತಲ್ಲ, ಅದನ್ನೂ ಇಂಗೇ ಮಾಡ್ತೀಯಾ?’ ಅಂದ್ರು. ಹೌದು ತಾತ ಅಂದೆ. ಹಾಗೇ ತಿರುಗಿ ಹೋದ್ರು. ಯಾರು ಅಂತ ನಂಗೆ ಗೊತ್ತಾಗ್ಲಿಲ್ಲ.”

“ನನ್ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?”

ಮರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಿಂದ ದನಿ ಬಂತು. ಫರ್ಹಾನ್‌ನ ತಾತ, ಅಜ್ಜು ಭಾಯ್. ಎಂಬತ್ತರ ಮೇಲೆ ವಯಸ್ಸು, ಹೆಗಲ ಮೇಲೆ ಕೆಂಪು ಚೌಕಳಿಯ ಟವೆಲು. ಪ್ರತಿ ಮಾತಿಗೂ ಮುಂಚೆ ಎರಡು ಸಲ ಕೆಮ್ಮಿ, ನಡುವೆ ಉದ್ದಕ್ಕೆ ನಿಲ್ಲಿಸಿ, ಕೊನೆಗೆ “ಸುಮ್ಕಿರಪ್ಪಾ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

“ಅವನು ಮುನಿಶಾಮಪ್ಪ. ನಾನು... ಕಣ್ಣು ಬಿಡೋಷ್ಟರಲ್ಲಿ ಹೋಗ್ಬಿಟ್ಟ. ದನದ ಸಂತೇಲಿ ನಲವತ್ತು ವರ್ಷ ನನ್ನ ಟವೆಲ್ ಕೆಳಗೆ ಕೈ ಕೊಟ್ಟವನು. ಸುಮ್ಕಿರಪ್ಪಾ.”

ರತ್ನಕ್ಕನ ಕಣ್ಣು ಅರಳಿತು. “ನಮ್ಮಪ್ಪನೂ ದನದ ದಲ್ಲಾಳಿನೇ ಭಾಯ್.”

ಅಜ್ಜು ಭಾಯ್ ಎದ್ದು ಕೂತರು. ನನಗಾಗಿ ಇಬ್ಬರೂ ಸೇರಿ ವಿವರಿಸಿದರು. ಸಂತೆಯಲ್ಲಿ ಎತ್ತಿನ ಬೆಲೆ ಬಾಯಲ್ಲಿ ಕೂಗುವುದಿಲ್ಲ. ಇಬ್ಬರ ಕೈ ಮೇಲೆ ಟವೆಲು ಹಾಸುತ್ತಾರೆ. ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಮೂರು ಬೆರಳು ಹಿಡಿದರೆ ಮೂರು, ಅಂಗೈ ಪೂರ್ತಿ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

“ಒಂದೇ ಕಟ್ಟುಪಾಡು,” ಅಂದರು ಅಜ್ಜು ಭಾಯ್. “ಎತ್ತು ತನ್ನ ಹತ್ರ ಇಲ್ಲದೋನು... ಕೈ ಕೊಡೋ ಹಾಗಿಲ್ಲ. ಕೊಟ್ರೆ ಸಂತೇಲಿ ಮತ್ತೆ ತಲೆ ಎತ್ತೋ ಹಾಗಿಲ್ಲ.”

“ಮುನಿಶಾಮಪ್ಪ ಆ ಕಟ್ಟು ಮುರಿತಾರಾ?”

“ಸತ್ರೂ ಮುರಿಯಲ್ಲ.”

ರತ್ನಕ್ಕ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಆ ಕಳೆ ಬಂದರೆ ನನಗೆ ಕೆಲಸ ಬಂತೆಂದು ಅರ್ಥ.

“ಭಾಯ್, ನಿಮ್ಮ ಸ್ನೇಹಿತರಿಗೆ ಒಂದು ಫೋನ್ ಮಾಡಿ, ನಿಮ್ಮ ಕಡೆಯಿಂದ ಒಬ್ಬಳು ಹೆಣ್ಣುಮಗಳು ಗಾಡಿಗೆ ಬೆಲೆ ಕಟ್ಟೋಕೆ ಬರ್ತಾಳೆ ಅಂತೀರಾ?”

“ನಾನು ಸ್ನೇಹಿತನಿಗೆ ಸುಳ್ಳು ಹೇಳಲ್ಲಮ್ಮ.”

ಹೊಂಗೆ ಮರದ ಹಿಂದೆ ಯಾರೋ ಎರಡು ಸಲ ಕೆಮ್ಮಿದರು. “ನಾನು... ಸ್ನೇಹಿತನಿಗೆ ಸುಳ್ಳು ಹೇಳಲ್ಲಮ್ಮ. ಸುಮ್ಕಿರಪ್ಪಾ.”

ಅಜ್ಜು ಭಾಯ್ ಬೆಚ್ಚಿ ಹಿಂದೆ ಮುಂದೆ ನೋಡಿದರು. ಮರದ ಹಿಂದಿನಿಂದ ನಾನು ಹೊರಬಂದೆ. ಫರ್ಹಾನ್ ಹೊಟ್ಟೆ ಹಿಡಿದುಕೊಂಡು ಒಂದು ಬಾನೆಟ್ಟಿನ ಮೇಲೆ ಬಿದ್ದಿದ್ದ.

ಮುದುಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೆಗಲ ಮೇಲಿದ್ದ ಟವೆಲು ತೆಗೆದು ರತ್ನಕ್ಕನ ಕೈಗಿಟ್ಟರು.

“ನಾನು ಸುಳ್ಳು ಹೇಳಲ್ಲ. ನನ್ನ ಕೆಮ್ಮು ಯಾರಾದ್ರೂ ಕದ್ರೆ... ನಂಗೇನ್ ಗೊತ್ತು?”

* * *

ರಾಜಾನುಕುಂಟೆ ದಾಟಿ ಎಡಕ್ಕೆ ತಿರುಗುವಾಗ ಮೂರು ಗಂಟೆ. ಮುನಿಶಾಮಪ್ಪನವರಿಗೆ ನಾನು ಅಜ್ಜು ಭಾಯ್ ದನಿಯಲ್ಲಿ ಕೆಮ್ಮಿ, ನಿಲ್ಲಿಸಿ, ಫೋನ್ ಮಾಡಿಯಾಗಿತ್ತು. ಆ ಕಡೆಯಿಂದ ಅವರು ಮೊದಲು ಆರೋಗ್ಯ ವಿಚಾರಿಸಿದ್ದರು. ಕೊನೆಗೆ, “ಕಳ್ಸು. ಬೆಲೆ ಏನಂತಾರೋ ಕೇಳ್ತೀನಿ” ಎಂದಿದ್ದರು.

ಎರಡು ಲೇಔಟುಗಳ ನಡುವೆ ಸಿಕ್ಕಿಕೊಂಡಿದ್ದ ತೋಟ ಅದು. ಒಂದೂವರೆ ಎಕರೆ ರಾಗಿ, ಬದುವಿನ ಮೇಲೆ ಬಾಳೆ, ಒಂದು ಹಂಚಿನ ಮನೆ, ಅದರ ಪಕ್ಕ ಉದ್ದನೆಯ ಕೊಟ್ಟಿಗೆ. ಕೊಟ್ಟಿಗೆಗೆ ಗೋಣಿತಾಟು ಇಳಿಬಿಟ್ಟಿತ್ತು.

ಮುನಿಶಾಮಪ್ಪ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತೆರಡರ ದೇಹ, ಟ್ರ್ಯಾಕ್ಟರ್ ಹಿಡಿದು ಗಂಟುಬಿದ್ದ ಕೈ. ಕಣ್ಣಿನ ಆಪರೇಷನ್ ಆದಮೇಲೆ ಅವರು ಸ್ಟೀರಿಂಗ್ ಮುಟ್ಟಿಲ್ಲವೆಂದು ಮನೆಯವರೆಲ್ಲ ನಂಬಿದ್ದರು.

“ಅಜ್ಜು ಕಳ್ಸಿದ್ನಾ?” ಅಂದರು. ರತ್ನಕ್ಕ ಕೆಂಪು ಚೌಕಳಿಯ ಟವೆಲು ಬಿಡಿಸಿದರು. ಮುದುಕರ ದೃಷ್ಟಿ ಅದರ ಮೇಲೆ ನಿಂತಿತು. “ಅವನ್ದೇ ಟವೆಲ್ಲು. ಕೂತ್ಕಳವ್ವ.”

ಪಕ್ಕದಲ್ಲಿ ಕೂತು ರತ್ನಕ್ಕ ಟವೆಲು ಹಾಸಿದರು. “ಲಕ್ಷದ ಲೆಕ್ಕ ಯಜಮಾನ್ರೇ.”

“ಊಂ.”

ಟವೆಲಿನ ಕೆಳಗೆ ಏನೋ ಅಲುಗಿತು. ಮುನಿಶಾಮಪ್ಪನವರ ಹುಬ್ಬು ಗಂಟಾಯಿತು.

“ಏನವ್ವಾ, ಕೋಳಿಗೆ ಬೆಲೆ ಕಟ್ತಿದ್ದೀಯಾ?”

“ಡೀಸೆಲ್ ರೇಟು ನೋಡಿ ಯಜಮಾನ್ರೇ. ಸಾಕೋದ್ ಕಷ್ಟ.”

“ಎತ್ತು ಮೇವು ತಿನ್ನಲ್ವಾ? ತಿನ್ನದೇ ಇರೋ ಎತ್ತು ಕೆಲ್ಸ ಮಾಡ್ತದಾ?” ಟವೆಲು ಜೋರಾಗಿ ಅಲುಗಿತು. ಅವರು ತಮ್ಮ ಬೆಲೆ ಹೇಳಿದ್ದರು.

“ಅಯ್ಯೋ! ಅಷ್ಟೆಲ್ಲಿ ಬರತ್ತೆ? ಹದಿನೇಳು ವರ್ಷ ಆಗಿದೆ.”

“ಅದಿನೇಳು ವರ್ಸದಾಗೆ ಒಂದ್ ದಪಾನೂ ನಡು ದಾರೀಲಿ ಕೈ ಬಿಟ್ಟಿಲ್ಲ. ತಿರುಪ್ತಿಗೆ ಅನ್ನೊಂದು ಸಲ. ಊರಾಗೆ ಯಾವ್ ಮನೆ ಮದ್ವೆ ಆದ್ರೂ ಹೆಣ್ಣು ಅದ್ರಾಗೇ ಕೂತು ಓಗಿದ್ದು. ಎಣಾನೂ ಅದ್ರಾಗೇ ತಂದವಿ. ನನ್ ಹೆಂಡ್ರು ಮುನಿಕೃಷ್ಣಮ್ಮನ್ನ ಆಸ್ಪತ್ರೆಯಿಂದ ಮನೆಗೆ ತಂದಿದ್ದೂ ಅದೇಯ. ಮಧ್ಯದ ಸೀಟು. ನನ್ ತೊಡೆ ಮೇಲೆ ಅವಳ ತಲೆ. ಪಿಳ್ಳ ಅವತ್ತು ಯಲಹಂಕದಿಂದ ಕೋಗಿಲಿಗೆ ಒಂದು ಗಂಟೆ ಮಾಡ್ದ. ಒಂದು ಅಳ್ಳಕ್ಕೆ ಕೂಡ ಇಳಿಸ್ಲಿಲ್ಲ.”

ಅವರು ಟವೆಲಿನ ಕೆಳಗೆ ಮತ್ತೆ ಕೈ ಒತ್ತಿದರು. ಈ ಸಲ ಬೆಲೆ ಇಳಿದಿತ್ತೋ ಏರಿತ್ತೋ ನನಗೆ ತಿಳಿಯಲಿಲ್ಲ. ರತ್ನಕ್ಕ ಕೈ ಬಿಡಲಿಲ್ಲ.

“ಯಜಮಾನ್ರೇ, ಗಾಡಿ ಸೋಮವಾರ ಕಳುವಾಯ್ತಂತೆ.”

ಟವೆಲು ನಿಶ್ಚಲವಾಯಿತು.

“ಕಳುವಾದ ಎತ್ತಿಗೆ ನೀವು ಹೇಗೆ ಕೈ ಕೊಟ್ರಿ?”

ರಾಗಿ ಹೊಲದ ಮೇಲೆ ಗಾಳಿ ಹಾದುಹೋಯಿತು. ಮುನಿಶಾಮಪ್ಪ ತಮ್ಮ ಕೈ ತಮಗೇ ದ್ರೋಹ ಮಾಡಿದ ಹಾಗೆ ಟವೆಲನ್ನೇ ನೋಡಿದರು. ಎಳೆದುಕೊಳ್ಳಲಿಲ್ಲ. ಕೊಟ್ಟ ಕೈ ಎಳೆದುಕೊಂಡು ಅವರಿಗೆ ಅಭ್ಯಾಸವಿರಲಿಲ್ಲ.

“ಯಾರವ್ವ ನೀನು?”

“ರತ್ನ. ದಲ್ಲಾಳಿ ಚಿಕ್ಕಣ್ಣನ ಮಗಳು. ಗಾಡಿ ಹುಡುಕೋಕೆ ಬಂದೋಳು.”

“ಮಾರಾಕಲ್ಲವ್ವ ನಾನ್ ಕೈ ಕೊಟ್ಟಿದ್ದು,” ಅಂದರು ಮೆಲ್ಲಗೆ. “ಮಗ ಬರೀ ಪೋನ್ನಾಗೆ ರೇಟ್ ಕೇಳ್ದ. ಆ ಉಡ್ಗ ಗಾಜಿನ್ ಮ್ಯಾಲೆ ಬರ್ದ, ಒರಸ್ದ. ಕತ್ತರಿಸ್ತೀನಿ ಅಂದ. ಯಾರಾನಾ ಒಬ್ರು ಪಕ್ದಾಗೆ ಕೂತು, ಕೈ ಇಡ್ದು, ಅದ್ರ ಬೆಲೆ ಏಳ್ಲಿ ಅನ್ನಿಸ್ತು. ಅಷ್ಟೇಯ.”

ಅವರು ಎದ್ದು ಗೋಣಿತಾಟು ಸರಿಸಿದರು.

ದೊಡ್ಡಪ್ಪ ಅಲ್ಲಿತ್ತು. ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ, ಗೋದಲಿಗೆ ಮೂತಿ ಇಟ್ಟು ನಿಂತಿತ್ತು. ತೊಳೆದಿದ್ದರು. ಕನ್ನಡಿಗೆ ಚೆಂಡು ಹೂವು ಸಿಕ್ಕಿಸಿದ್ದರು. ಬಾಗಿಲಿನ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು.

“ಟ್ಯಾಕ್ಟರ್ ಡೀಸೆಲ್ ಮುಂಚೇನೇ ಕ್ಯಾನಲ್ಲಿ ಒಯ್ದಿಟ್ಟಿದ್ದೆ. ಸೋಮವಾರ ಬೆಳಿಗ್ಗೆ ಐದ್ ಗಂಟೆ ಬಸ್ಸಿಗೆ ಓಯ್ತೀನಿ ಅಂತ ಮನೇಲಿ ಏಳಿ, ಗಾಡಿ ತಗಂಡ್ ಬಂದೆ,” ಅಂದರು ಮುನಿಶಾಮಪ್ಪ. “ನಂದೇ ಗಾಡಿ. ಕದ್ದಂಗಾಗ್ತದಾ?”

“ನಿಮ್ಮದೇ ಗಾಡಿ. ಆದ್ರೆ ಕದ್ದಿದ್ದು ಪಿಳ್ಳಣ್ಣ ಅಂತ ಐದು ಗಂಟೆಗೆ ನಿಮ್ಮ ಮಗ ಕಂಪ್ಲೇಂಟ್ ಕೊಡ್ತಾರೆ.”

ಮುದುಕರು ಗೋಣಿತಾಟು ಬಿಟ್ಟು ತಿರುಗಿದರು.

“ಪಿಳ್ಳನ ಮ್ಯಾಲಾ? ಪಿಳ್ಳನ...” ಅವರು ಕಂಬ ಹಿಡಿದುಕೊಂಡರು. “ಬಾಲು ನಂಗ್ಯಾಕೆ ಏಳ್ಲಿಲ್ಲ? ಲೇ ತಮ್ಮ, ಟೇಮೆಷ್ಟು?”

“ನಾಲ್ಕು ಗಂಟೆಗೆ ಹತ್ತು ನಿಮಿಷ ಇದೆ.”

“ಐದರೊಳ್ಗೆ ಓಗ್ತೀವಿ. ನಾನೇ ಏಳ್ತೀನಿ, ನಾನೇ ಒಯ್ದಿದ್ದು ಅಂತ. ಊರ ಮುಂದೆ ಏಳ್ತೀನಿ. ಮಗ ನಗ್ಲಿ, ಯಾರಾನಾ ನಗ್ಲಿ. ಗಾಡಿ ಅತ್ತವ್ವ, ಇದ್ರಾಗೇ ಓಗನ.” ಜೇಬಿನಿಂದ ಕೀ ತೆಗೆದರು. ಬಾಗಿಲು ತೆಗೆಯುತ್ತ ತಟ್ಟನೆ ನಿಂತರು. “ಆದ್ರೂ ಆ ಅಜ್ಜು ನಂಗಿಂಗ್ ಮಾಡ್ಬಾರ್ದಿತ್ತು. ನಲವತ್ ವರ್ಸ. ಒಂದು ಸುಳ್ಳಾಡಿದೋನಲ್ಲ. ಇವತ್ತು ನನ್ ಕೈನೇ ಇಡ್ಸಿಬಿಟ್ಟ.”

ಆ ದನಿಯಲ್ಲಿದ್ದ ನೋವು ನನಗೆ ತಡೆಯಲಾಗಲಿಲ್ಲ. ರತ್ನಕ್ಕನ ಕಡೆ ನೋಡಿದೆ. ಅವರು ತಲೆಯಾಡಿಸಿದರು.

ಎರಡು ಸಲ ಕೆಮ್ಮಿದೆ. “ನಾನು... ಸುಳ್ಳಾಡಿಲ್ಲ ಮುನಿಶಾಮಪ್ಪಾ. ಈ ಹುಡುಗ ನನ್ನ ಕೆಮ್ಮು ಕದ್ದ. ಸುಮ್ಕಿರಪ್ಪಾ.”

ಮುನಿಶಾಮಪ್ಪ ಗಾಡಿಯ ಹಿಂದೆ ನೋಡಿದರು, ಗೋದಲಿ ನೋಡಿದರು, ಕೊಟ್ಟಿಗೆಯ ಸೂರು ನೋಡಿದರು. ಕೊನೆಗೆ ನನ್ನ ಬಾಯಿ ನೋಡಿದರು. ಬೆನ್ನಿನ ಮೇಲೆ ಒಂದು ಗುದ್ದು ಬೀಳುತ್ತದೆಂದು ನಾನು ಸಿದ್ಧನಾದೆ.

ಅವರು ನಗತೊಡಗಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು, ಆಮೇಲೆ ಇಡೀ ಕೊಟ್ಟಿಗೆ.

“ಫೋನ್ನಾಗೆ... ಫೋನ್ನಾಗಿದ್ದಿದ್ದು ನೀನಾ? ಲೇ ಕಳ್ ನನ್ಮಗ್ನೇ! ನಾನು ‘ಮಂಡಿ ನೋವು ಎಂಗೈತೆ ಅಜ್ಜೂ’ ಅಂತ ಕೇಳ್ದಾಗ, ‘ಎಡಗಡೇದು ವಾಸಿ’ ಅಂದ್ಯಲ್ಲೋ!”

ಬಾಗಿಲು ಹಿಡಿದು ಬಗ್ಗಿ ನಕ್ಕರು. ರತ್ನಕ್ಕ ಡಿಸೆಂಬರಿಗೆ ಕಾಯದೆ ನಕ್ಕರು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಮಾಲಾ. ಒಳ್ಳೆ ಸುದ್ದಿ ನಾನೇ ಮೊದಲು ಹೇಳೋಣವೆಂದು ಹೊರಗೆ ಬಂದೆ.

“ಮಾಲಾ, ಅಳ್ಬೇಡ. ಗಾಡಿ ಸಿಕ್ತು.”

“ಗೊತ್ತು ಅಣ್ಣ. ಸಿಕ್ತು.” ಅವಳು ಬಿಕ್ಕುತ್ತಿದ್ದಳು. “ಅಪ್ಪ ಈಗ ಸ್ಟೇಷನ್ನಲ್ಲಿದ್ದಾರೆ. ಯಾರೂ ಕರೀಲಿಲ್ಲ, ಅವರಾಗೇ ಹೋಗಿ, ‘ನಾನೇ ಕದ್ದಿದ್ದು’ ಅಂತ ಒಪ್ಕೊಂಡ್ಬಿಟ್ರು.”

“ಏನು? ಸುಳ್ಳು ಅದು! ಯಜಮಾನ್ರನ್ನ ಉಳಿಸೋಕೆ ಹೇಳಿರ್ತಾರೆ. ನಾನು ಈಗ್ಲೇ...”

“ಸುಳ್ಳಲ್ಲ ಅಣ್ಣ. ಅಪ್ಪ ತೋರಿಸಿದ ಜಾಗದಲ್ಲಿ ಪೊಲೀಸ್ನೋರಿಗೆ ಗಾಡಿ ಸಿಕ್ಕಿದೆ. ಯಶವಂತಪುರದಲ್ಲಿ, ಲಾರಿ ನಿಲ್ಲಿಸೋ ಜಾಗದ ಹಿಂದೆ. ನಾನೇ ನಿಂತು ನೋಡ್ತಿದ್ದೀನಿ. ಬಿಳಿ ಗಾಡಿ. ದೊಡ್ಡಪ್ಪನ ನಂಬರ್ರೇ. ಓದ್ಲಾ?”

ಅವಳು ಒಂದೊಂದೇ ಅಂಕಿ ಓದಿದಳು. ನಾನು ಗೋಣಿತಾಟಿನ ಸಂದಿಯಿಂದ ಕೊಟ್ಟಿಗೆಯೊಳಗೆ ನೋಡುತ್ತ ಒಂದೊಂದೇ ಅಂಕಿ ಹೊಂದಿಸಿದೆ. ಒಂದೂ ತಪ್ಪಲಿಲ್ಲ. ಒಂದೇ ನಂಬರಿನ ಗಾಡಿ ಎರಡು: ಪಿಳ್ಳಣ್ಣ ಬಾಯಿ ಬಿಡದಿದ್ದದ್ದು ಬಹುಶಃ ಆ ಇನ್ನೊಂದರ ವಿಷಯಕ್ಕೆ.

“ಇನ್ನೊಂದು ವಿಷಯ ಅಣ್ಣ,” ಮಾಲಾಳ ದನಿ ಪಿಸುಗುಟ್ಟಿತು. “ಅದರ ಹಿಂದಿನ ಸೀಟಲ್ಲಿ ಯಾರೋ ಇದ್ದಾರೆ. ಪೊಲೀಸ್ನೋರು ಬಾಗಿಲು ತೆಗೀತಿದ್ದಾರೆ.”

ಒಳಗೆ ಮುನಿಶಾಮಪ್ಪ ಕಣ್ಣೀರು ಒರೆಸಿಕೊಂಡು, ಸ್ಟೀರಿಂಗಿನ ಹಿಂದೆ ಕೂತು, ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದರು.

“ಬಾರೋ ತಮ್ಮ,” ಎಂದು ಕೂಗಿದರು. “ಇನ್ನೊಂದ್ಸಲ ಕೆಮ್ಮು!”